ಪುಟ್ಟ ಕಡಲೂರಿಗೆ ಬಂದ ದೊಡ್ಡ ಸೈನ್ಯ

ಇವತ್ತಿಗೂ 2,000 ಜನ ತುಂಬದ ಊರಿಗೆ
ಸಾವಿರಾರು ಸೈನಿಕರು ಬಂದಿಳಿದರೆ ಏನಾಗುತ್ತೆ?

ಇದು ನ್ಯೂಜಿಲೆಂಡಿನ ಪಾಯಿಕಾಕಾರಿಕಿ.
ವೆಲ್ಲಿಂಗ್ಟನ್‌ನಿಂದ ಸುಮಾರು 40 ಕಿಲೋಮೀಟರ್.
ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು.

ಮೊದಲು ಇದು ಮಾವೊರಿ ಜನರ ನೆಲೆ.
1886ರಲ್ಲಿ ರೈಲು ಬಂತು.
1940ರಲ್ಲಿ ವಿದ್ಯುತ್ ರೈಲೂ ಬಂತು.
ಇಲ್ಲಿದ್ದುಕೊಂಡೇ ರಾಜಧಾನಿಗೆ ಕೆಲಸಕ್ಕೆ ಹೋಗಿಬರೋದು ಸುಲಭವಾಯ್ತು.

1942ರ ಜೂನ್.
ಎರಡನೇ ಮಹಾಯುದ್ಧ.
ಅಮೆರಿಕದ ನೌಕಾ ಪದಾತಿಗಳು ಬಂದರು.
ಊರ ಪಕ್ಕದಲ್ಲೇ ಸಾಲು ಸಾಲು ಡೇರೆ.
ಹಳ್ಳಿಗೆ ಜಾತ್ರೆ ಬಂದು,
ವರ್ಷ ಕಳೆದರೂ ತೇರು ಕದಲದ ಹಾಗೆ!

1943ರ ನವೆಂಬರ್.
ಹಡಗು ಹತ್ತಿದರು, ಜಪಾನ್ ಹಿಡಿದಿದ್ದ ತರಾವಾ ದ್ವೀಪಕ್ಕೆ.
ಬರೀ ಮೂರು ದಿನದ ಕದನ.
ಸುಮಾರು ಸಾವಿರ ಅಮೆರಿಕನ್ನರು ಸತ್ತರು.

ಆ ಶಿಬಿರದ ಜಾಗ ಈಗ ಕ್ವೀನ್ ಎಲಿಜಬೆತ್ ಪಾರ್ಕ್.
ಅಲ್ಲಿ ಅವರ ನೆನಪನ್ನ ಇಂದಿಗೂ ಕಾಪಾಡಿದ್ದಾರೆ.
ವೆಲ್ಲಿಂಗ್ಟನ್‌ಗೆ ಹೋದರೆ,
ರೈಲು ಹತ್ತಿ, ಖಂಡಿತ ನೋಡಿ ಬನ್ನಿ.