ಕರು ಹಾಕಿದ ಹಸು ಏಳದಿರುವುದೇಕೆ?

ಕರು ಹಾಕಿ ಒಂದೆರಡು ದಿನವಾದ ಒಳ್ಳೆಯ ಹಾಲಿನ ಹಸು ಇದ್ದಕ್ಕಿದ್ದಂತೆ ಹಟ್ಟಿಯಲ್ಲಿ ಮಲಗಿಬಿಡುತ್ತದೆ. ಕಿವಿ ತಣ್ಣಗಾಗಿ, ಮೂತಿ ಒಣಗಿ, ಕತ್ತು ಪಕ್ಕೆಯ ಕಡೆಗೆ ತಿರುಗಿರುತ್ತದೆ. ಎಬ್ಬಿಸಿದರೂ ಏಳದು. ಇದಕ್ಕೆ ಹಾಲು ಜ್ವರವೆಂದು ಹೆಸರು. ಆದರೆ ಮೈ ಬಿಸಿಯಾಗುವುದರ ಬದಲು ತಣ್ಣಗಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಆಟಿ ತಿಂಗಳಲ್ಲಿ ನಮ್ಮ ಮಿಶ್ರತಳಿ ಹಸು ಮೂರನೆಯ ಕರು ಹಾಕಿ ಮಾರನೆಯ ಸಂಜೆ ಹೀಗೆಯೇ ಮಲಗಿತು. ಹೆರಿಗೆಯ ಬಳಲಿಕೆ ಎಂದುಕೊಂಡೆವು. ಗೊಟ್ಟದಲ್ಲಿ ಕಷಾಯ ಕುಡಿಸಿದೆವು. ಮಳೆ ಜೋರಾಗಿದೆ, ಬೆಳಗಾಗಲಿ ಎಂದು ವೈದ್ಯರನ್ನು ಕರೆಯಲಿಲ್ಲ. ಬೆಳಗಾಗುವಾಗ ಹಸು ಇರಲಿಲ್ಲ. ತಪ್ಪು ನಮ್ಮದೇ. ಆ ಮೇಲೆ ಓದಿ, ಕೇಳಿ ತಿಳಿದುದನ್ನು ರೈತ ಬಾಂಧವರ ಮುಂದಿಡುತ್ತಿದ್ದೇವೆ.

ಹಸುವಿನ ಮೈಯೆಲ್ಲ ಜೀವಕೋಶಗಳಿಂದಾದದ್ದು. ಪ್ರತಿಯೊಂದು ಕೋಶಕ್ಕೂ ಒಂದು ತೆಳ್ಳಗಿನ ಪೊರೆಯುಂಟು. ನಮ್ಮ ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳ್ಳಗೆ. ಇದು ಹೆಚ್ಚಾಗಿ ಕೊಬ್ಬಿನ ಜಾತಿಯ ವಸ್ತುವಿನಿಂದಾದುದರಿಂದ ನೀರಿನಲ್ಲಿ ಕರಗಿದ ಲವಣಗಳು ಇದನ್ನು ಸುಲಭವಾಗಿ ದಾಟಲಾರವು. ಪೊರೆಯ ಒಳಗೆ ಪೊಟ್ಯಾಸಿಯಂ ಹೆಚ್ಚು. ನಾವು ತೆಂಗಿನ ಬುಡಕ್ಕೆ ಹಾಕುವ ಬೂದಿಯಲ್ಲಿರುವುದು ಇದೇ. ಹೊರಗೆ ಸೋಡಿಯಂ ಹೆಚ್ಚು; ಅಡಿಗೆಯ ಉಪ್ಪಿನಲ್ಲಿರುವುದು ಅದು.

ತೋಡಿಗೆ ನಾವು ಕಟ್ಟುವ ಕಟ್ಟವನ್ನು ನೆನೆಸಿಕೊಳ್ಳಿ. ಒಂದು ಬದಿಯಲ್ಲಿ ನೀರು ಏರಿ ನಿಂತಿರುತ್ತದೆ. ಹಲಗೆ ತೆಗೆದೊಡನೆ ಧುಮುಕುತ್ತದೆ. ಪೊರೆಯೂ ಅಂಥ ಕಟ್ಟವೇ. ಅದರಲ್ಲಿರುವ ಪಂಪು ಸದಾ ಮೂರು ಸೋಡಿಯಂ ಕಣಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ಡೆನ್ಮಾರ್ಕಿನ ಸ್ಕೌ ಎಂಬವರು 1957ರಲ್ಲಿ ಈ ಪಂಪನ್ನು ಗುರುತಿಸಿದರು. ಒಳಗಿನ ಪೊಟ್ಯಾಸಿಯಂ ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಜಿನುಗುವಾಗ ತನ್ನ ಧನ ವಿದ್ಯುತ್ತನ್ನೂ ಒಯ್ಯುವುದರಿಂದ ಒಳಬದಿ ಋಣವಾಗಿ ಉಳಿಯುತ್ತದೆ. ನರದ ಕೋಶದಲ್ಲಿ ಈ ವ್ಯತ್ಯಾಸ ಸುಮಾರು 70 ಮಿಲಿವೋಲ್ಟು, ಅಂದರೆ ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತನೆಯ ಒಂದು ಪಾಲು. ಅಲ್ಪವೆನಿಸಬಹುದು. ಆದರೆ ಪೊರೆ ಅಷ್ಟು ತೆಳ್ಳಗಿರುವುದರಿಂದ, ಲೆಕ್ಕ ಹಾಕಿದರೆ ಸೆಂಟಿಮೀಟರಿಗೆ ಸುಮಾರು ಒಂದು ಲಕ್ಷ ವೋಲ್ಟಿನ ಬಿಗುವಾಗುತ್ತದೆ!

ಮಿದುಳಿನಿಂದ 'ಏಳು' ಎಂಬ ಸಂದೇಶ ಹೊರಟಾಗ ನರದ ಪೊರೆಯಲ್ಲಿ ಸೋಡಿಯಂನ ಬಾಗಿಲುಗಳು ತೆರೆಯುತ್ತವೆ. ಸೋಡಿಯಂ ಒಳನುಗ್ಗಿ, ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಒಳಬದಿಯೇ ಧನವಾಗುತ್ತದೆ. ಅದರಿಂದ ಪಕ್ಕದ ಬಾಗಿಲು, ಅದರಿಂದ ಮುಂದಿನದು ತೆರೆಯುತ್ತಾ ಸಂದೇಶ ಓಡುತ್ತದೆ. ಇದನ್ನು ತಿಳಿಸಿಕೊಟ್ಟದ್ದು ನಮ್ಮ ಕಡಲಕರೆಯ ಬಲೆಗೂ ಬೀಳುವ ಬೊಂಡಾಸದ ಜಾತಿಯ ಜೀವಿ. ಅದರ ಒಂದು ನರ ಅರ್ಧ ಮಿಲಿಮೀಟರಿನಷ್ಟು ದಪ್ಪ. ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1939ರಲ್ಲಿ ಅದರೊಳಗೆ ಸಪುರವಾದ ನಳಿಗೆಯನ್ನು ತೂರಿಸಿ ವಿದ್ಯುತ್ತನ್ನು ಅಳೆದರು. 1952ರಲ್ಲಿ ಅದರ ಗಣಿತವನ್ನು ಬಿಡಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇನ್ನು ಹಸುವಿನ ವಿಷಯ. ನರದ ತುದಿಗೆ ಬಂದ ಸಂದೇಶವು ಸ್ನಾಯುವಿಗೆ ದಾಟಬೇಕಾದರೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ, ನರದೊಳಗೆ ಹೋಗಬೇಕು. ಪೊರೆಯ ಸೋಡಿಯಂ ಬಾಗಿಲುಗಳನ್ನು ಹದದಲ್ಲಿಡುವುದೂ ಹೊರಗಿನ ಕ್ಯಾಲ್ಸಿಯಮ್ಮೇ. ಹತ್ತು ಲೀಟರು ಗಿಣ್ಣುಹಾಲಿನಲ್ಲಿ 20 ಗ್ರಾಮಿಗೂ ಮಿಕ್ಕಿ ಕ್ಯಾಲ್ಸಿಯಂ ಹೋಗುತ್ತದೆ. ಹಸುವಿನ ರಕ್ತದಲ್ಲೆಲ್ಲ ಸೇರಿ ಇರುವುದು ಮೂರು ಗ್ರಾಮಿನಷ್ಟು ಮಾತ್ರ. ಎಲುಬಿನ ಉಗ್ರಾಣದಿಂದ ತಕ್ಕಷ್ಟು ಬೇಗ ಬಾರದಿದ್ದರೆ ರಕ್ತದಲ್ಲಿ ಕೊರತೆಯಾಗುತ್ತದೆ. ಮೊದಲು ಬಾಗಿಲುಗಳು ಹದ ತಪ್ಪಿ ಮೈ ನಡುಗುತ್ತದೆ, ಕಾಲು ತಡವರಿಸುತ್ತದೆ. ಆಮೇಲೆ ಸಂದೇಶ ದಾಟದೆ ಸ್ನಾಯು ಸೋಲುತ್ತದೆ. ಹಸುವಿಗೆ ಏಳುವ ಮನಸ್ಸಿದ್ದರೂ ಕಾಲಿಗೆ ಆಜ್ಞೆ ತಲುಪದು. ಹೆಚ್ಚು ಹಾಲಿನ, ಮೂರನೆಯ ಕರುವಿನ ಅನಂತರದ ಹಸುಗಳಿಗೆ, ಅದರಲ್ಲೂ ಜರ್ಸಿ ತಳಿಗೆ, ಇದು ಹೆಚ್ಚು.

ಆದ ಕಾರಣ ಮಾಡಬೇಕಾದುದಿಷ್ಟು:

1. ಹಗಲಿರಲಿ ಇರುಳಿರಲಿ, ಕೂಡಲೇ ಮೃಗಾಸ್ಪತ್ರೆಯ ವೈದ್ಯರನ್ನು ಕರೆಯಿರಿ. ಅವರು ಕ್ಯಾಲ್ಸಿಯಂ ಮದ್ದನ್ನು ರಕ್ತನಾಳಕ್ಕೆ ನಿಧಾನವಾಗಿ ಬಿಡುತ್ತಾರೆ. ಅವಸರದಿಂದ ಕೊಟ್ಟರೆ ಹೃದಯವೇ ನಿಂತೀತು. ಅದರ ಕೋಶಗಳೂ ಇದೇ ವಿದ್ಯುತ್ತಿನಿಂದ ನಡೆಯುವಂಥವು. ನಾವೇ ಕೈಹಾಕಬಾರದು.

2. ಬಾಯಿಗೆ ಏನನ್ನೂ ಹೊಯ್ಯಬೇಡಿ. ನುಂಗುವ ಸ್ನಾಯುವೂ ಸೋತಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿದೀತು.

3. ಹಸು ಮಗ್ಗುಲಾಗಿ ಬೀಳದಂತೆ ಎದೆಯ ಮೇಲೆ ಕೂರಿಸಿ, ಬೈಹುಲ್ಲಿನ ಕಟ್ಟುಗಳನ್ನು ಆನಿಸಿಡಿ. ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ.

4. ಗಬ್ಬದ ಕೊನೆಯ ಎರಡು ಮೂರು ವಾರ ಕ್ಯಾಲ್ಸಿಯಂ ಮದ್ದನ್ನು ಬೇಕಾಬಿಟ್ಟಿ ಕೊಡಬೇಡಿ. ಹೊರಗಿಂದಲೇ ಧಾರಾಳವಾಗಿ ಸಿಕ್ಕಿದರೆ ಎಲುಬಿನಿಂದ ತೆಗೆದುಕೊಳ್ಳುವ ಅಭ್ಯಾಸ ಮೈಗೆ ತಪ್ಪುತ್ತದೆ. ಕರು ಹಾಕಿದ ಮೇಲೆ ಎಷ್ಟು ಕೊಡಬೇಕೆಂಬುದನ್ನು ವೈದ್ಯರಲ್ಲಿ ಕೇಳಿ.

ಕಳೆದ ಮಳೆಗಾಲದಲ್ಲಿ ನಮ್ಮ ಇನ್ನೊಂದು ಹಸು ಹೀಗೆಯೇ ಮಲಗಿತು. ಈ ಬಾರಿ ರಾತ್ರಿಯೇ ವೈದ್ಯರು ಬಂದರು. ಬಾಟಲಿ ಮುಗಿದು ಅರ್ಧ ಗಂಟೆಯೊಳಗೆ ಹಸು ಸೆಗಣಿ ಹಾಕಿತು, ಮೈ ಕೊಡವಿತು, ತಾನೇ ಎದ್ದು ಕರುವನ್ನು ನೆಕ್ಕತೊಡಗಿತು.