ಸಾಕ್ಷಿಯಾಗಿ ಹೋಗಿಬಂದ ಮದುವೆ

ಮದುವೆಗೆ ಹೋಗುವುದು ಧರ್ಮಗುರುಗಳ ಪಾಲಿಗೆ ಹೊಸ ಸಂಗತಿಯಲ್ಲ. ಪ್ರತಿ ವರ್ಷವೂ ಎಷ್ಟೋ ಜೋಡಿಗಳು ನಮ್ಮ ಕಣ್ಣೆದುರಿನಲ್ಲೇ ಕೈಹಿಡಿಯುತ್ತವೆ. ಆದರೆ ಈಚೆಗೆ, ಪಾಸ್ಕ ಹಬ್ಬ ಕಳೆದ ಎರಡನೆಯ ವಾರದಲ್ಲಿ, ಇಟಲಿಯ ಬೆರ್ಗಾಮೊ ನಗರದಲ್ಲಿ ಜರುಗಿದ ವಿವಾಹವೊಂದಕ್ಕೆ ನಾವು ಬಲಿಪೀಠದ ಕೆಳಗೆ ಕುಳಿತುಕೊಳ್ಳುವ ಬರಿಯ ಅತಿಥಿಯಾಗಿ ಹೋಗಿದ್ದೆವು.

ವರನು ನಮ್ಮ ಹಿಂದಿನ ಧರ್ಮಕೇಂದ್ರದ ಹುಡುಗ. ಪೂಜೆಯಲ್ಲಿ ಪೀಠಸೇವಕನಾಗಿದ್ದ ಕಾಲದಲ್ಲೇ ಕಠಿಣ ಪ್ರಶ್ನೆಗಳನ್ನು ಕೇಳಿ ನಮ್ಮನ್ನು ತಬ್ಬಿಬ್ಬುಗೊಳಿಸಿದವನು. ಓದಿಗೆಂದು ಇಟಲಿಗೆ ಹೋಗಿ ಅಲ್ಲಿಯೇ ಎಂಜಿನಿಯರನಾಗಿ ನೆಲೆಸಿದ. ವಧು ಬೆರ್ಗಾಮೊದ ಶಾಲಾ ಶಿಕ್ಷಕಿ. ಎರಡು ವರ್ಷಗಳ ಹಿಂದೆ ಇಬ್ಬರೂ ಊರಿಗೆ ಬಂದಿದ್ದಾಗ ನಮ್ಮೊಡನೆ ಒಂದು ವಾರ ಕಳೆದರು. ವಯಸ್ಸಿನ ಅಂತರವನ್ನು ಮರೆಸುವಂಥ ಸ್ನೇಹ ಅಂದಿನಿಂದ ಬೆಳೆಯಿತು.

ನಿಜ ಹೇಳಬೇಕೆಂದರೆ, ಹೋಗಬೇಕಾಗಿದ್ದವರು ನಾವಲ್ಲ, ಅವನ ತಾಯಿ. ಅರುವತ್ತೆಂಟು ವರ್ಷದ ಆ ವಿಧವೆ ಮಗನ ಮದುವೆಗೆಂದೇ ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಿಕೊಂಡಿದ್ದರು. ವೀಸಾ ಅರ್ಜಿ ತಿರಸ್ಕೃತವಾಯಿತು. ಸ್ವದೇಶಕ್ಕೆ ಮರಳುವರೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂಬುದು ಕಾರಣ. ನಲವತ್ತು ವರ್ಷ ಒಂದೇ ಹಿತ್ತಿಲಿನಲ್ಲಿ ಬಾಳಿದವರ ಬಳಿ, ಅಲ್ಲಿಗೇ ಮರಳುವೆನೆಂದು ಸಾಧಿಸಲು ಕಾಗದವಿರಲಿಲ್ಲ. ಹೆಂಡತಿ ಮಕ್ಕಳಿಲ್ಲದ ನಮಗೆ ವೀಸಾ ದೊರೆಯಿತು!

ಹೊರಡುವ ಮುನ್ನಾದಿನ ಆಕೆ ತೆಂಗಿನೆಣ್ಣೆಯ ಒಂದು ಸಣ್ಣ ಕುಪ್ಪಿಯನ್ನು ನಮ್ಮ ಕೈಗಿತ್ತರು. "ಫಾದರ್, ರೋಸ್ ದಿನ ಮೊದಲ ಎಣ್ಣೆ ನನ್ನದಾಗಿರಲಿ. ನನ್ನ ಬದಲು ನೀವೇ ಹಚ್ಚಿ" ಎಂದರು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುಂಚಿನ ಸಂಜೆ ವಧೂವರರಿಗೆ ಎಣ್ಣೆ, ತೆಂಗಿನಹಾಲು ಹಚ್ಚಿ ಹರಸುವ ಸಂಪ್ರದಾಯವೇ ರೋಸ್. ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿ ಮೊದಲು ಹರಸುವ ಹಕ್ಕು ಹೆತ್ತವರದು.

ಒಬ್ಬರ ಬದಲು ಇನ್ನೊಬ್ಬರು ಹಾಜರಿರಲು ಸಾಧ್ಯವೇ? ವಿಮಾನದಲ್ಲಿ ನಮ್ಮನ್ನು ಕಾಡಿದ ಪ್ರಶ್ನೆ ಇದು. ಧರ್ಮಸಭೆಯ ಕಾನೂನು ವಿಚಿತ್ರವಾಗಿದೆ. ವಿವಾಹದಲ್ಲಿ ವಧು ಅಥವಾ ವರ ಬರಲಾಗದಿದ್ದರೆ ಪ್ರತಿನಿಧಿಯ ಮೂಲಕ ಒಪ್ಪಿಗೆ ನೀಡಲು ಅದು ಅವಕಾಶ ಕೊಡುತ್ತದೆ. ಆದರೆ ಸಾಕ್ಷಿಗಳಿಗೆ ಅಂಥ ಏರ್ಪಾಡನ್ನು ಅದು ಹೇಳುವುದಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುಟ್ಟಿನ ಮದುವೆಗಳನ್ನು ತಡೆಯಲೆಂದು ಗುರು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಹಾಜರಿಯನ್ನು ಕಡ್ಡಾಯಗೊಳಿಸಿತು. ನಮ್ಮ ಲತೀನ್ ಸಂಪ್ರದಾಯದ ಬೋಧನೆಯಂತೆ ವಿವಾಹ ಸಂಸ್ಕಾರವನ್ನು ನೀಡುವವರು ಗುರುಗಳಲ್ಲ. ವಧೂವರರೇ ಒಬ್ಬರಿಗೊಬ್ಬರು ನೀಡುತ್ತಾರೆ. ಗುರು ಅಲ್ಲಿ ಧರ್ಮಸಭೆಯ ಪರವಾಗಿ ನಿಂತ ಸಾಕ್ಷಿ ಮಾತ್ರ.

ಬೆರ್ಗಾಮೊ ಮಂಗಳೂರಿಗೆ ಅಪರಿಚಿತವಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿ 1854ರಲ್ಲಿ ಹುಟ್ಟಿದ್ದು ಈ ನಗರದ ಸಮೀಪದ ಸ್ತೆಜ್ಜಾನೊ ಗ್ರಾಮದಲ್ಲಿ. ಅವರು ಕಣ್ಮುಚ್ಚಿದ್ದು 1905ರಲ್ಲಿ, ಕೊಚ್ಚಿಯಲ್ಲಿ. ಅಂದು ಅಲ್ಲಿಂದ ಒಬ್ಬರು ಬಣ್ಣ ಕುಂಚ ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಇಂದು ನಾವು ಎಣ್ಣೆಯ ಕುಪ್ಪಿ ಹಿಡಿದು ಅಲ್ಲಿಗೆ ಹೋಗಿದ್ದೆವು.

ರೋಸ್ ನಡೆದದ್ದು ವಧುವಿನ ತಂದೆಯ ಮನೆಯಲ್ಲಿ. ಅಲ್ಲಿ ಸಂಜೆ ಏಳು, ನಮ್ಮೂರಿನಲ್ಲಿ ರಾತ್ರಿ ಹತ್ತೂವರೆ. ಕಪಾಟಿನ ಮೇಲೆ ನಿಲ್ಲಿಸಿದ ಮೊಬೈಲ್ ಫೋನಿನಲ್ಲಿ ತಾಯಿಯ ಮುಖ. ಕುಪ್ಪಿ ತೆರೆದರೆ ಎಣ್ಣೆ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ಅಂಗೈಯಲ್ಲಿ ಹಿಡಿದು ಕರಗಿಸುವಷ್ಟು ಹೊತ್ತು ಎಲ್ಲರೂ ಮೌನವಾಗಿ ಕಾದರು. ನಾವು ಹಣೆಗೆ ಹಚ್ಚಿದಾಗ ವರನು ಕಣ್ಣುಮುಚ್ಚಿ, "ಮಾಂಯ್" ಎಂದಷ್ಟೇ ಹೇಳಿದ.

ಎಲ್ಲ ಮುಗಿದ ಮೇಲೆ ವಧುವಿನ ತಂದೆ ನಮ್ಮ ಪಕ್ಕದಲ್ಲಿ ಬಂದು ಕುಳಿತರು. 2020ರ ಮಾರ್ಚ್‌ನಲ್ಲಿ ಕೋವಿಡ್ ವ್ಯಾಧಿ ಬೆರ್ಗಾಮೊವನ್ನು ಮುತ್ತಿದಾಗ ಇಟಲಿಯಲ್ಲಿ ಶವಸಂಸ್ಕಾರದ ವಿಧಿಗಳನ್ನೂ ನಿಲ್ಲಿಸಲಾಗಿತ್ತು. ಶವಪೆಟ್ಟಿಗೆಗಳನ್ನು ಸೈನ್ಯದ ಲಾರಿಗಳಲ್ಲಿ ಬೇರೆ ಊರುಗಳಿಗೆ ಸಾಗಿಸಿದ ಚಿತ್ರ ಓದುಗರಿಗೆ ನೆನಪಿರಬಹುದು. ಅವರ ತಾಯಿ ತೀರಿಕೊಂಡದ್ದು ಆ ದಿನಗಳಲ್ಲಿಯೇ. "ಅಮ್ಮನ ಬಳಿ ನಮ್ಮವರು ಒಬ್ಬರೂ ಇರಲಿಲ್ಲ. ಅಂದಿನಿಂದ, ಯಾರಾದರೂ ಬಂದರೆ, ಬಂದರಲ್ಲ ಎಂದು ಎಣಿಸುತ್ತೇನೆ. ನೀವು ಬಂದಿರಿ" ಎಂದರು. ಅವರ ಮಾತನ್ನು ವರನು ನಮಗೆ ಭಾಷಾಂತರಿಸಿ ಹೇಳಿದ.

ಮರುದಿನ ಇಗರ್ಜಿಯಲ್ಲಿ ವಿವಾಹ ನೆರವೇರಿತು. 1929ರ ಒಪ್ಪಂದದ ಕಾಲದಿಂದ ಇಟಲಿಯಲ್ಲಿ ಇಗರ್ಜಿಯ ವಿವಾಹಕ್ಕೆ ಸರಕಾರದ ಮನ್ನಣೆಯೂ ಇದೆ. ಆದುದರಿಂದ ಗುರುಗಳು ನಾಗರಿಕ ಸಂಹಿತೆಯ 143, 144 ಮತ್ತು 147ನೆಯ ವಿಧಿಗಳನ್ನು ವಧೂವರರಿಗೆ ಓದಿ ಹೇಳಿದರು: ಪರಸ್ಪರ ನಿಷ್ಠೆ, ನೆರವು, ಸಹವಾಸ, ಒಮ್ಮತದ ಸಂಸಾರ, ಮಕ್ಕಳ ಪಾಲನೆ. ಪ್ರೀತಿಯು ಭಾವನೆ ಮಾತ್ರವಲ್ಲ, ಕರ್ತವ್ಯವೂ ಹೌದೆಂಬುದನ್ನು ಸರಕಾರದ ಶುಷ್ಕ ಭಾಷೆಯಲ್ಲಿ ಕೇಳಿ ನಮಗೆ ಸಂತೋಷವಾಯಿತು. ಹೊರಗೆ ಬಂದಾಗ ಜನರು ನವದಂಪತಿಗಳ ಮೇಲೆ ಅಕ್ಕಿ ಎರಚಿದರು. ನಮ್ಮ ಅಕ್ಷತೆಯೇ ಕಣ್ಮುಂದೆ ಬಂತು!

ಊರಿಗೆ ಮರಳಿದ ಮರುದಿನವೇ ತಾಯಿಯ ಮನೆಗೆ ಹೋದೆವು. ಅತಿಥಿಗಳಿಗೆ ಅಲ್ಲಿ ಕೊಡುವ ಸಕ್ಕರೆ ಲೇಪಿಸಿದ ಐದು ಬಾದಾಮಿಗಳ ಪುಟ್ಟ ಗಂಟನ್ನೂ, ಅರ್ಧ ಉಳಿದ ಕುಪ್ಪಿಯನ್ನೂ ಮೇಜಿನ ಮೇಲಿಟ್ಟೆವು. ಫೋನಿನಲ್ಲಿ ಎಲ್ಲವನ್ನೂ ನೋಡಿದ್ದ ಆಕೆ ಆರಂಭದಿಂದ ಹೇಳಿರೆಂದು ಕೇಳಿದರು. ಹೇಳಿದೆವು. ಕೊನೆಗೆ, "ನಾನಿಲ್ಲವೆಂದು ಅವನಿಗೆ ಅನ್ನಿಸಿತೇ, ಫಾದರ್?" ಎಂದರು. ಸಮಾಧಾನದ ಮಾತು ನಾಲಗೆಯ ತುದಿಯಲ್ಲಿತ್ತು. ಆದರೆ ಸಾಕ್ಷಿ ಸುಳ್ಳಾಡಬಾರದು. "ಅನ್ನಿಸಿತು" ಎಂದೆವು. "ಹಾಗಾದರೆ ಸರಿ" ಎಂದು ಆಕೆ ಕಣ್ಣೊರೆಸಿಕೊಂಡು ಒಳಗೆ ಚಹಾ ಮಾಡಲು ಹೋದರು.

ಅಂದು ನಮ್ಮ ಪ್ರಶ್ನೆಗೆ ಉತ್ತರ ದೊರೆಯಿತು. ಒಬ್ಬರ ಸ್ಥಾನವನ್ನು ಇನ್ನೊಬ್ಬರು ತುಂಬಲಾರರು. ತಾಯಿಯ ಸ್ಥಾನ ಬೆರ್ಗಾಮೊದಲ್ಲಿ ಬರಿದಾಗಿಯೇ ಇತ್ತು, ನಮ್ಮಿಂದ ತುಂಬಲಿಲ್ಲ. ನಾವು ಮಾಡಬಹುದಾಗಿದ್ದುದು ಎರಡೇ: ಕೊಟ್ಟುದನ್ನು ತಲುಪಿಸುವುದು, ಕಂಡುದನ್ನು ಮರಳಿ ಬಂದು ಇದ್ದಂತೆಯೇ ಹೇಳುವುದು.

ಪ್ರಿಯ ಓದುಗರೇ, ಕಾನಾ ಊರಿನ ಮದುವೆಗೆ ಯೇಸುಸ್ವಾಮಿಯೂ ಆಹ್ವಾನಿತರಾಗಿಯೇ ಹೋಗಿದ್ದರು. ಅಲ್ಲಿ ದ್ರಾಕ್ಷಾರಸ ತೀರಿದ್ದನ್ನು ಗಮನಿಸಿದವರು ಅತಿಥಿಯಾಗಿದ್ದ ಮಾತೆ ಮರಿಯಮ್ಮನವರು. ಕರೆದ ಮನೆಯ ಕೊರತೆ ಅತಿಥಿಯ ಕಣ್ಣಿಗೆ ಬೀಳಬೇಕು. ನಾವೂ ನೀವೂ ಪ್ರತಿ ವರ್ಷ ಎಷ್ಟೋ ಮದುವೆಗಳಿಗೆ ಹೋಗಿ, ಕವರು ಕೊಟ್ಟು, ಉಂಡು, ಹಿಂದಿರುಗುತ್ತೇವೆ. ಆ ಜೋಡಿಗಳಲ್ಲಿ ಇಂದು ಯಾರ ಮನೆಯಲ್ಲಿ ದ್ರಾಕ್ಷಾರಸ ತೀರಿದೆಯೋ ವಿಚಾರಿಸಿದ್ದೇವೆಯೇ? ಈ ವಾರ ಅಂಥ ಒಂದು ಮನೆಯ ಬಾಗಿಲನ್ನಾದರೂ ತಟ್ಟೋಣ.