ಬಾವಿಕಟ್ಟೆಯ ಬಸಳೆ

ಹಿಂದೆ ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಲ್ಲಿ ಬಾವಿಕಟ್ಟೆ ಇದ್ದಲ್ಲಿ ಬಸಳೆ ಚಪ್ಪರವೂ ಇರುತ್ತಿತ್ತು. ನೀರು ಸೇದುವಾಗ ಚೆಲ್ಲಿದ್ದೆಲ್ಲ ಅದರ ಬುಡಕ್ಕೇ ಹೋಗುತ್ತಿತ್ತು. ಈಗ ಪಂಪು ಬಂದಿದೆ, ಬಸಳೆಯ ಕಟ್ಟು ಪೇಟೆಯಿಂದ ಬರುತ್ತದೆ. ಅದಕ್ಕೆ ಯಾವ ಮದ್ದು ಹೊಡೆದಿದ್ದಾರೆಂದು ಕೇಳುವವರಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದನ್ನು 2000ದವರೆಗೂ ಕಂಡ ಜಿಲ್ಲೆ ನಮ್ಮದು. ನಾವಾದರೂ ಕೇಳಬೇಡವೇ? ಕೇಳುವುದಕ್ಕಿಂತ ನಾವೇ ಬೆಳೆಯುವುದು ಸುಲಭ.

ಜಡಿಮಳೆಯಲ್ಲಿ ನೆಟ್ಟರೆ ದಂಟು ಕೊಳೆಯುತ್ತದೆ. ಮೊಂತಿ ಹಬ್ಬ ಕಳೆದು ಮಳೆ ಇಳಿಮುಖವಾದ ಮೇಲೆ ನೆಡಿ. ಬೀಜಕ್ಕಿಂತ ಬಳ್ಳಿಯ ತುಂಡು ಬೇಗ ಹತ್ತುತ್ತದೆ. ಪದಾರ್ಥಕ್ಕೆಂದು ತಂದ ಕಟ್ಟಿನಿಂದಲೇ ಬಲಿತ ನಾಲ್ಕು ದಂಟು ತೆಗೆದಿಟ್ಟರೂ ಸಾಕು. ಒಂದು ಅಡಿ ಉದ್ದ, ಮೂರು ನಾಲ್ಕು ಗಂಟು ಇರಲಿ. ನಮ್ಮ ಮುರಕಲ್ಲು ಮಣ್ಣು ಹುಳಿ ಗುಣದ್ದು, ಸಾರವೂ ಕಡಿಮೆ. ಒಂದು ಅಡಿ ಆಳದ ಗುಂಡಿ ತೆಗೆದು ಹಟ್ಟಿಗೊಬ್ಬರ, ಸುಡುಮಣ್ಣು, ಒಂದೆರಡು ಹಿಡಿ ಬೂದಿ ಬೆರೆಸಿ ತುಂಬಿಸಿ. ಎರಡು ಗಂಟು ಮಣ್ಣಿನೊಳಗೆ ಹೋಗುವಂತೆ ಓರೆಯಾಗಿ ನೆಟ್ಟು, ಒಂದು ವಾರ ತೆಂಗಿನ ಗರಿಯ ನೆರಳು ಕೊಡಿ. ಚಪ್ಪರ ಎದೆಯೆತ್ತರ ಸಾಕು, ಕೊಯ್ಯಲು ಏಣಿ ಬೇಕಾಗಬಾರದು. ಅಡಿಕೆ ಸಲಾಕೆ ಇದ್ದರೆ ಖರ್ಚೇ ಇಲ್ಲ. ಪಾತ್ರೆ ತೊಳೆದ ನೀರನ್ನು ಮಾತ್ರ ಬಿಡಬೇಡಿ. ಅಜ್ಜಿಯ ಕಾಲದಲ್ಲಿ ಅದು ಬೂದಿನೀರು, ಈಗ ಸಾಬೂನಿನ ನೀರು.

ಎರಡು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ. ಕುಡಿಯನ್ನು ಎಳೆಯದೆ ಕತ್ತಿಯಿಂದ ಕೊಯ್ಯಿರಿ, ಕೊಯ್ದಲ್ಲಿ ಎರಡು ಹೊಸ ಕುಡಿ ಒಡೆಯುತ್ತವೆ. ಪ್ರತಿ ಕೊಯ್ಲಿನ ನಂತರ ತೆಳ್ಳಗಿನ ಸೆಗಣಿ ನೀರು ಕೊಡಿ. ಎಲೆಯಲ್ಲಿ ಕೆಂಪು ಅಂಚಿನ ಚುಕ್ಕಿ ಕಂಡರೆ ಆ ಎಲೆಗಳನ್ನು ಕಿತ್ತು ಸುಟ್ಟುಬಿಡಿ. ನೀರನ್ನು ಬುಡಕ್ಕೆ ಮಾತ್ರ ಹಾಕಿ, ಎಲೆಗೆ ಎರಚಬೇಡಿ. ಬಳ್ಳಿ ಕಾರಣವಿಲ್ಲದೆ ಸೊರಗಿದರೆ ಒಂದು ಬೇರು ಕಿತ್ತು ನೋಡಿ. ಗಂಟುಗಂಟಾಗಿದ್ದರೆ ಅದು ಜಂತುಹುಳದ ಕೆಲಸ. ಮುಂದಿನ ಸಲ ಬೇರೆ ಜಾಗದಲ್ಲಿ, ಬೇವಿನ ಹಿಂಡಿ ಹಾಕಿ ನೆಡಬೇಕು.

ಇನ್ನು ಆರೋಗ್ಯದ ಮಾತು. ನೆರೆಮನೆಯ ಬಸುರಿ ಹೆಣ್ಣುಮಗಳೊಬ್ಬಳು, “ದಿನಾ ಬಸಳೆ ತಿನ್ನುತ್ತೇನಲ್ಲ, ರಕ್ತ ಆಗುತ್ತದೆ” ಎಂದು ಕಬ್ಬಿಣಾಂಶದ ಮಾತ್ರೆ ನಿಲ್ಲಿಸಿದ್ದಳು. ಆ ಬಸಳೆ ನಮ್ಮ ಚಪ್ಪರದ್ದೇ, ಹೊಗಳಿ ಕೊಟ್ಟದ್ದೂ ನಾನೇ. ಏಳನೇ ತಿಂಗಳಲ್ಲಿ ನೋಡಿದರೆ ಹಿಮೋಗ್ಲೋಬಿನ್ 8. ಬಸುರಿಯರಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಸರಕಾರಿ ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ಅಷ್ಟು ಸೊಪ್ಪಿನಿಂದ ಸಿಗುವ ಮಾತೇ ಇಲ್ಲ. ಸೊಪ್ಪಿನಲ್ಲಿರುವುದರಲ್ಲೂ ದೇಹ ಹೀರಿಕೊಳ್ಳುವುದು ಸ್ವಲ್ಪವೇ. ಹಾಗೆಂದು ಬಸಳೆ ಬಿಡಬೇಕಿಲ್ಲ. ಒಲೆಯಿಂದ ಇಳಿಸಿದ ಮೇಲೆ ಲಿಂಬೆ ಹಿಂಡಿದರೆ, ಜೊತೆಗೆ ಮೀನಿದ್ದರೆ ಹೆಚ್ಚು ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದೂ ಹೋಯಿತು, ಒಂದು ಗಂಟೆಯಾದರೂ ತಡೆಯಿರಿ. ಮಾತ್ರೆಯಿಂದ ವಾಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ನುಂಗಿ ನೋಡಬಹುದು. ಮಲ ಕಪ್ಪಾದರೆ ಹೆದರಬೇಡಿ. ಆಕೆ ಹಾಗೆಯೇ ಮತ್ತೆ ಶುರುಮಾಡಿದಳು.

ಮೂತ್ರಕೋಶದಲ್ಲಿ ಕಲ್ಲು ಆದವರು ಬಸಳೆ ಮಿತವಾಗಿ ತಿನ್ನಬೇಕು, ಇದರಲ್ಲಿ ಆಕ್ಸಲೇಟ್ ಜಾಸ್ತಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಲೇ ಹೆಚ್ಚಿಸುವ ಮೊದಲು ವೈದ್ಯರಿಗೆ ಹೇಳಿ. ಉಳಿದವರು ಹಲಸಿನ ಬೀಜವನ್ನೋ ಒಣಸಿಗಡಿಯನ್ನೋ ಹಾಕಿ ವಾರಕ್ಕೆರಡು ಸಲ ಧಾರಾಳವಾಗಿ ಮಾಡಬಹುದು.